ಒಂದು ಗೇಣು ಬಾಲ

ಪವಾಡ ಎಂದರೆ ನಗುತ್ತಿದ್ದವನು ನಾನು. ನೀವು ನಂಬಲೇಬೇಕೆಂದು ಈಗಲೂ ಹೇಳುವುದಿಲ್ಲ. ಮಾಡಿದ್ದನ್ನೂ ಕಂಡದ್ದನ್ನೂ ಹೇಳಿ ಹಗುರಾಗಬೇಕು, ಅಷ್ಟೇ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದೆ. ಒಮ್ಮೆ ವಿಮಾನ ನಿಲ್ದಾಣದ ಗೋಡೆಗೆಂದು ತೊಗಲುಗೊಂಬೆಗಳು ಬಂದವು. ಮಾಡಿದವರು ನಾಗಮಂಗಲ ಕಡೆಯ ಸಣ್ಣಯ್ಯ. "ಸವೆದೋದ ಗೊಂಬೇನೂ ನಾವು ಪೂಜೆ ಮಾಡಿ ಹೊಳೆಗೆ ಬಿಡ್ತೀವಿ ಕಣಪ್ಪ, ಕತ್ತರಿ ಮುಟ್ಸಾಕಿಲ್ಲ" ಎಂದು ಹೇಳಿಯೇ ನನ್ನ ಕೈಗೊಪ್ಪಿಸಿದ್ದರು.

ಹನುಮಂತನ ಅಳತೆಯನ್ನು ನಾನು ತಪ್ಪಾಗಿ ತೆಗೆದುಕೊಂಡಿದ್ದೆ. ಚೌಕಟ್ಟು ಮುಗಿದಾಗ ಬಾಲ ಒಂದು ಗೇಣು ಹೊರಗಿತ್ತು. ಬೈಸಿಕೊಳ್ಳುವ ಭಯ. ಬ್ಲೇಡಿನಿಂದ ಕತ್ತರಿಸಿ, ತುಂಡನ್ನು ಕಸದೊಂದಿಗೆ ಸುಟ್ಟುಬಿಟ್ಟೆ. ಸೂಪರ್‌ವೈಸರ್ ಕೇಳಿದಾಗ "ಬಂದಿದ್ದೇ ಹೀಗೆ ಸಾರ್" ಎಂದೆ.

ಅವರು ಸಣ್ಣಯ್ಯನವರನ್ನು ಕರೆಸಿ, "ಏನಜ್ಜ, ಹನುಮಂತನ ಬಾಲ ಇಲಿ ತಿಂತಾ?" ಎಂದು ಎಲ್ಲರೆದುರು ಅಣಕಿಸಿದರು. ಸಣ್ಣಯ್ಯ ಗೊಂಬೆಯನ್ನು ನೋಡಿದರು, ನನ್ನನ್ನು ನೋಡಿದರು. "ನಂದೇ ಕಣ್ತಪ್ಪು ಸಾರ್" ಎಂದರು. ಸಮಯವಿಲ್ಲವೆಂದು ಆ ಗೊಂಬೆಯನ್ನು ಹಾಗೆಯೇ ಗಾಜಿನೊಳಗೆ ಮುಚ್ಚಿ ಕಳಿಸಿದೆವು. ಮುಂದಿನ ಕೆಲಸ ಅವರಿಗೆ ಸಿಗಲಿಲ್ಲ.

ಹೋದ ವರ್ಷ ಮಗಳು ನನ್ನನ್ನು ಕಾಶಿಗೆ ಕರೆದೊಯ್ದಳು. ವಿಮಾನಕ್ಕೆ ಇನ್ನೂ ಸಮಯವಿತ್ತು. ನಿಲ್ದಾಣದೊಳಗೆ ಕಿನ್ನಾಳದ ಮರದ ಬೊಂಬೆ, ಲಂಬಾಣಿ ಕಸೂತಿ, ಬಿಳಿ ಗೆರೆಯ ಚಿತ್ತಾರ. ಜನ ಓಡುವುದನ್ನು ಬಿಟ್ಟು ನಿಂತು ನೋಡುತ್ತಿದ್ದರು. ನಮ್ಮವರ ಕೈಕೆಲಸ ಕಂಡು ನನಗೂ ಹಿಗ್ಗಾಯಿತು. ಹಾಗೇ ನಡೆಯುತ್ತಾ ಹನುಮಂತನ ಮುಂದೆ ಬಂದೆ.

ಚೌಕಟ್ಟು ನನ್ನದೇ. ಉಳಿ ಜಾರಿ ಬಿದ್ದ ಗೀರು ಮೂಲೆಯಲ್ಲಿತ್ತು. ಆದರೆ ಬಾಲ ಪೂರ್ತಿ ಇತ್ತು, ತುದಿಯ ಗಂಟೆಯವರೆಗೂ. ಹಿಂದಿನಿಂದ ದೀಪದ ಬೆಳಕು ಹಾಯುತ್ತಿದ್ದರೂ ತೊಗಲಿನಲ್ಲಿ ಒಂದು ಹೊಲಿಗೆ, ಒಂದು ಅಂಟು ಕಾಣಲಿಲ್ಲ. ಅಂದು ಬಾಲ ಹಿಡಿಸದಿದ್ದ ಅದೇ ಚೌಕಟ್ಟಿನಲ್ಲಿ ಈಗ ಎರಡು ಬೆರಳು ಜಾಗ ಮಿಕ್ಕಿತ್ತು.

"ಅಪ್ಪಾ, ಯಾಕೆ ಅಳ್ತಿದೀರ? ಬನ್ನಿ, ಕರೀತಿದಾರೆ" ಎಂದಳು ಮಗಳು.

ಕಾಶಿಯಿಂದ ಬಂದವನೇ ಸಣ್ಣಯ್ಯನವರನ್ನು ಹುಡುಕಿ ಹೋಗಿ, ಎಲ್ಲ ಹೇಳಿ ಕಾಲು ಹಿಡಿದೆ.

"ಬ್ಲೇಡಿನ ಗಾಯ ನಂಗೆ ಗೊತ್ತಾಗಾಕಿಲ್ವಾ? ನಿನ್ ಹೊಟ್ಟೆಪಾಡು ಅಂತ ಸುಮ್ಕಾದೆ" ಎಂದರು.

ಬಾಲ ಸರಿಮಾಡಿದವರು ನೀವೇನಾ ಎಂದು ಕೇಳಿದೆ.

"ಆ ಇಮಾನದ ಬಾಗ್ಲೂ ನಾನು ಕಂಡಿಲ್ಲ. ಅವ್ನ ಬಾಲ ಸುಡಾಕೋದ ರಾವಣನೇ ಊರು ಸುಟ್ಕೊಂಡ, ನೀನ್ಯಾವ ಲೆಕ್ಕಾನಪ್ಪ? ಏಳು, ಉಣ್ಣು ಬಾ" ಎಂದು ನಕ್ಕರು.

ಅದು ಹೇಗಾಯಿತೋ ಇಂದಿಗೂ ನನಗೆ ತಿಳಿಯದು. ಅವರ ಪಕ್ಕದಲ್ಲಿ ಕೂತು ಅಂದು ಎರಡು ಮುದ್ದೆ ಉಂಡೆ.