ಇಂದುಮತಿಯವರ ಇನ್ನೂರ ಹನ್ನೆರಡು ಪುಟ

ಲೇಕ್ ಗಾರ್ಡನ್ಸಿನ ಇಂದುಮತಿಯವರಿಗೆ ಸ್ವಲ್ಪ ಜಂಬವಿತ್ತು. ಇರಬೇಕಾದ್ದೇ. ಧಾರವಾಡದಿಂದ ಈ ಬಂಗಾಳಿಗರ ಊರಿಗೆ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷದಿಂದ ಊಟದ ಮೇಜಿನ ಮೇಲೆಯೇ ಸಂಶೋಧಕರ ಪ್ರಬಂಧಗಳನ್ನು ಟೈಪ್ ಮಾಡಿಕೊಡುತ್ತಿದ್ದರು. ಅವರ ಕೈ ದಾಟಿ ಹೋದದ್ದು ಒಂದೂ ಹಿಂದಕ್ಕೆ ಬಂದಿರಲಿಲ್ಲ. ಕೆಲಸ ಮುಗಿದ ಮೇಲೆ ಪ್ರತಿ ಪುಟದ ಕೊನೆಯ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ಅವರ ಪದ್ಧತಿ. ಸಂಶೋಧನೆಯ ಹುಡುಗ ಹುಡುಗಿಯರಿಗೆಲ್ಲ ಅವರು 'ಮಾಶಿಮಾ', ಬಂಗಾಳಿಯ ಚಿಕ್ಕಮ್ಮ.

ಆ ಶುಕ್ರವಾರ ಮಧ್ಯಾಹ್ನ ಎರಡಕ್ಕೆ ವಿಶ್ವವಿದ್ಯಾಲಯದ ಪಕ್ಕದ ಪ್ರಿಂಟ್ ಅಂಗಡಿಯಿಂದ ಪೂರ್ವಿಯ ಫೋನ್ ಬಂತು. ಮೈಸೂರಿನ ಹುಡುಗಿ, ಕನ್ನಡ ಶಾಸನಗಳ ಮೇಲೆ ಐದು ವರ್ಷ ದುಡಿದವಳು. ಅವಳ ಇಂಗ್ಲಿಷ್ ಪ್ರಬಂಧವನ್ನು ಟೈಪ್ ಮಾಡಿದ್ದೂ ಇಂದುಮತಿಯವರೇ. ನಾಲ್ಕರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಅವಳ ಅವಧಿಯೇ ಮುಗಿದುಹೋಗುತ್ತಿತ್ತು.

"ಮಾಶಿಮಾ, ಪ್ರಿಂಟ್ ತೆಗೆಸಿದ್ರೆ ಇನ್ನೂರ ಹನ್ನೆರಡು ಪುಟ ಇನ್ನೂರ ಹತ್ತೊಂಬತ್ತಾಗಿದೆ. ಪರಿವಿಡಿಗೂ ಪುಟಕ್ಕೂ ತಾಳೆನೇ ಇಲ್ಲ. ಟೈಪ್ ಮಾಡಿದವ್ರದೇ ತಪ್ಪು ಅಂತಾರೆ ಅಂಗಡಿಯವ್ರು."

ಕೊನೆಯ ಮಾತು ಇಂದುಮತಿಯವರಿಗೆ ನಾಟಿತು. ಲ್ಯಾಪ್‌ಟಾಪು, ನೋಟ್‌ಬುಕ್ಕು ಚೀಲಕ್ಕೆ ತುರುಕಿ ಆಟೋ ಹತ್ತಿದರು.

ಅಂಗಡಿಯಲ್ಲಿ ನೋಟ್‌ಬುಕ್ ಬಿಚ್ಚಿ ತಾಳೆ ನೋಡಿದರು. ಮೊದಲ ಕನ್ನಡ ಶಾಸನ ಬಂದ ಪುಟದಿಂದಲೇ ಎಲ್ಲ ಜಾರಿತ್ತು. ಅಂಗಡಿಯವನಿಗೆ ಬಂಗಾಳಿಯಲ್ಲೇ ಬಿಡಿಸಿ ಹೇಳಿದರು: ವರ್ಡ್ ಕಡತದಲ್ಲಿ ಫಾಂಟಿನ ಹೆಸರಷ್ಟೇ ಇರುತ್ತದೆ, ಅಕ್ಷರಗಳ ಆಕಾರ ಇರುವುದಿಲ್ಲ. ನನ್ನ ಕನ್ನಡ ಫಾಂಟ್ ನಿನ್ನ ಕಂಪ್ಯೂಟರಿನಲ್ಲಿಲ್ಲ. ಅದು ತನಗೆ ಸಿಕ್ಕಿದ್ದೊಂದನ್ನು ಹಾಕಿಕೊಂಡಿದೆ, ಸಾಲುಗಳು ಎತ್ತರವಾಗಿ ಪುಟ ಉಕ್ಕಿದೆ.

ಆಮೇಲೆ ಪೂರ್ವಿಯ ಕಡೆ ತಿರುಗಿದರು. "ನಾ ಅಕ್ಷರ ಜಾರಬಾರದಂತ ಪಿಡಿಎಫ್ ಮಾಡಿ ಕೊಟ್ಟಿದ್ದೆನಲ್ಲವಾ, ನೀ ವರ್ಡ್ ಯಾಕ ತೆಗೆದಿ?"

"ಒಂದು ಸಾಲು ಸೇರಿಸ್ಬೇಕಿತ್ತು," ಎಂದು ಪೂರ್ವಿ ಕೃತಜ್ಞತೆಯ ಪುಟ ತೋರಿಸಿದಳು. "ಕೇಳಿದ್ರೆ ನೀವು ಬೇಡ ಅಂತಿದ್ರಿ."

ಈ ಪ್ರಬಂಧದ ಒಂದೊಂದು ಪುಟವನ್ನೂ ಕಟ್ಟಿದವರು ಲೇಕ್ ಗಾರ್ಡನ್ಸಿನ ಇಂದುಮತಿ ಎಂದಿತ್ತು ಆ ಸಾಲು.

ಇಂದುಮತಿಯವರು ಅದನ್ನು ಎರಡು ಸಲ ಓದಿದರು. ಇಪ್ಪತ್ತಾರು ವರ್ಷ ಮಾರ್ಗದರ್ಶಕರಿಗೆ, ಗ್ರಂಥಪಾಲಕರಿಗೆ, ಒಮ್ಮೆ ಯಾರದೋ ಬೆಕ್ಕಿಗೂ ಸಲ್ಲಿಸಿದ ಕೃತಜ್ಞತೆಗಳನ್ನು ಅವರೇ ಟೈಪ್ ಮಾಡಿದ್ದರು. ತಮ್ಮ ಹೆಸರನ್ನು ಒಮ್ಮೆಯೂ ಟೈಪ್ ಮಾಡಿರಲಿಲ್ಲ. ಮನಸ್ಸು ತುಂಬಿ ಬಂತು.

ತಮ್ಮ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ತಮ್ಮ ಕೈಯಿಂದಲೇ ಸೇರಿಸಿದರು. ಪುಟದ ಕೆಳಗೆ ಜಾಗವಿತ್ತು, ಒಂದು ಪದವೂ ಮುಂದಕ್ಕೆ ಸರಿಯಲಿಲ್ಲ. ಹೊಸ ಪಿಡಿಎಫ್ ಮಾಡಿಕೊಟ್ಟು, ಅಳತೆ ಕುಗ್ಗಿಸದೆ ಇದ್ದಂತೆಯೇ ಅಚ್ಚು ಹಾಕಲು ಹೇಳಿ, ಯಂತ್ರದ ಪಕ್ಕದಲ್ಲೇ ನಿಂತು ಎಣಿಸಿದರು. ಸರಿಯಾಗಿ ಇನ್ನೂರ ಹನ್ನೆರಡು. ಅಂಗಡಿಯವನು ತಾನಾಗಿಯೇ ಎದ್ದು ಕುರ್ಚಿ ಕೊಟ್ಟ.

ವಿಶ್ವವಿದ್ಯಾಲಯಕ್ಕೆ ಮೂರು ಪ್ರತಿ ಬೇಕಿತ್ತು. ಮೂರೂವರೆಗೆ ಮೂರೂ ಬಂದ ಮೇಲೆ ಪೂರ್ವಿ ಓಡಲು ಹೊರಟಾಗ ಇಂದುಮತಿಯವರು ಅವಳ ಕೈ ಹಿಡಿದರು.

"ಇನ್ನೊಂದು ತೆಗೀಲಿಕ್ಕೆ ಹೇಳಿ ಹೋಗವಾ," ಎಂದರು. "ಅದು ನನಗ ಬೇಕು."