ಅರ್ಧ ಕಿಲೋಮೀಟರಿನೊಳಗಿನ ಗಾಡಿ

ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ಗಂಡ ದೊಡ್ಡಳಿಯ, ಕಿರಿಯವಳ ಗಂಡ ಚಿಕ್ಕಳಿಯ. ಮನೆಯೊಳಗೆ ಹುಟ್ಟಿದ ಈ ಹೆಸರುಗಳು ಬೀದಿಗೂ ಹಬ್ಬಿ, ಕೊನೆಗೆ ಗ್ಯಾರೇಜಿನವನೂ ಹಾಗೆಯೇ ಕೂಗತೊಡಗಿದ. ಹೆಸರಿನಲ್ಲೇನೋ ದೊಡ್ಡತನ ಇತ್ತು. ಅತ್ತೆಯ ಬಾಯಲ್ಲಿ ಮಾತ್ರ ಮೂರು ಹೊತ್ತೂ ಚಿಕ್ಕಳಿಯನೇ. ನಮ್ಮ ದೊಡ್ಡಳಿಯನ ರೋಗ ಶುರುವಾದದ್ದು ಅಲ್ಲಿಂದ.

ಹಾಗಂತ ಅವನು ಹುಟ್ಟಾ ಹೊಟ್ಟೆಕಿಚ್ಚಿನವನಲ್ಲ. ಪಕ್ಕದ ಮನೆಯವರು ಮಹಡಿ ಕಟ್ಟಿದರೆ ಹೋಗಿ ಮೆಟ್ಟಿಲು ಚೆನ್ನಾಗಿದೆ ಎಂದು ಹೊಗಳಿ ಬರುವ ಮನುಷ್ಯ. ಆದರೆ ಷಡ್ಡಕ ಅಂದರೆ ಬೇರೆಯೇ ಬಾಬತ್ತು ನೋಡಿ. ಒಡಹುಟ್ಟಿದವನಾದರೆ ಒಂದು ದಿನ ಜಗಳವಾಡಿ ಮುಗಿಸಬಹುದು. ಷಡ್ಡಕನ ಎದುರು ಒಳಗೆ ಬೇಯುತ್ತಿದ್ದರೂ ಹಲ್ಲು ಕಿರಿಯುತ್ತಲೇ ಇರಬೇಕು.

ಹದಿನಾಲ್ಕು ವರ್ಷ ಅವನು ಒಂದೇ ಪೀಠೋಪಕರಣದ ಅಂಗಡಿಯ ವ್ಯಾನು ಓಡಿಸಿದ. ತಿರುವು ಮೆಟ್ಟಿಲಿನಲ್ಲಿ ಮೂರು ಬಾಗಿಲಿನ ಬೀರುವನ್ನು ಗೋಡೆಗೆ ತಾಗಿಸದೆ ಹತ್ತಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಚಿಕ್ಕಳಿಯನೋ, ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಕೊಂಡಿದ್ದವನು. ಒಂದು ದಿನ ಇದ್ದಕ್ಕಿದ್ದ ಹಾಗೆ ಹಳೆಯ ಪಿಕಪ್ ಗಾಡಿ ಕೊಂಡು, ಹಿಂದೆ ಕೊಂಡಿಗೆ ತೆರೆದ ಟ್ರೈಲರ್ ಕಟ್ಟಿಸಿ, ಅರ್ಜೆಂಟ್ ಲೋಡ್ ಹೊಡೆಯಲು ಶುರುಮಾಡಿದ. ಎಲ್ಲೋ ಕಾರ್ಖಾನೆಯ ಮೋಟಾರು ಸುಟ್ಟು ಕೆಲಸ ನಿಂತಿದೆ, ಹೊಸ ಮೋಟಾರು ಇವತ್ತೇ ಬೇಕು. ಒಂದು ಮೋಟಾರಿಗಾಗಿ ದೊಡ್ಡ ಲಾರಿ ಬರುವುದಿಲ್ಲ. ಅಂಥ ಹೊತ್ತಿಗೆ ಇವನು ಹಾಜರ್. ಲೋಡ್ ಹಿಡಿಯುವುದು ಫೋನಿನ ಆ್ಯಪ್‌ನಲ್ಲಿ. ಇವನು ಸ್ಟೇರಿಂಗ್ ಹಿಡಿದಿದ್ದರೆ ಹೆಂಡತಿ ಮನೆಯಲ್ಲಿ ಫೋನ್ ಹಿಡಿದು ಬಿಡ್ ಹಾಕುತ್ತಿದ್ದಳು. ಎಂಟು ತಿಂಗಳಲ್ಲಿ ಅವರ ಮನೆಯ ಗೇಟಿಗೆ ಹೊಸ ಬಣ್ಣ ಬಂತು. ದೊಡ್ಡಳಿಯ ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟ.

ಒಂದು ಭಾನುವಾರ ಅತ್ತೆಯ ಮನೆಯಲ್ಲಿ ಊಟ. ಅತ್ತೆ ಚಿಕ್ಕಳಿಯನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿ, ದೊಡ್ಡಳಿಯನ ಕಡೆ ತಿರುಗಿ, “ನಿಮಗೆ ಸಾಕಲ್ವಾ? ನಿಮ್ಮದು ಕೂತ್ಕೊಂಡು ಮಾಡೋ ಕೆಲಸ” ಅಂದರು. ಅಲ್ಲ ಸ್ವಾಮಿ, ಚಿಕ್ಕಳಿಯನೇನು ನಿಂತುಕೊಂಡು ಗಾಡಿ ಓಡಿಸುತ್ತಾನೆಯೇ? ದೊಡ್ಡಳಿಯ ಕೈ ತೊಳೆದು ಎದ್ದ. ಸೋಮವಾರ ಬೆಳಿಗ್ಗೆ ವ್ಯಾನಿನ ಕೀಲಿಯನ್ನು ಅಂಗಡಿಯ ಮೇಜಿನ ಮೇಲಿಟ್ಟು ಬಂದೇಬಿಟ್ಟ.

ಅವನ ಹೆಂಡತಿ ಹಿಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಪಿಕಪ್ ಬಂದದ್ದು ಅವಳ ಹೊಲಿಗೆಯ ಉಳಿತಾಯದಿಂದ, ಹಾಗಾಗಿ ಅವಳ ಹೆಸರಿನಲ್ಲಿ. ಟ್ರೈಲರ್, ಬಿಗಿಯುವ ಪಟ್ಟಿ, ಸರಪಳಿ, ಸರಕಿನ ವಿಮೆ ಎಂದು ಒಂದೊಂದಾಗಿ ಸೇರಿಸುವಷ್ಟರಲ್ಲಿ ಉಳಿತಾಯ ಮುಗಿಯಿತು. ಟ್ರೈಲರಿಗೆ ಹೊಸ ಟೈರ್ ಮಾತ್ರ ಮುಂದೆ ನೋಡೋಣ ಎಂದಾಯಿತು. ಆ್ಯಪ್ ಕಚೇರಿಯಲ್ಲಿ ಕೌಂಟರಿನ ಹುಡುಗಿ, “ಎರಡು ಖಾತೆ ಆಗುತ್ತೆ ಸರ್. ಗಾಡಿ ಯಾರ ಹೆಸರಲ್ಲಿದೆಯೋ ಅವರದ್ದೊಂದು, ಓಡಿಸೋರದ್ದೊಂದು. ಯಾರು ಲೋಡ್ ಹಿಡಿದ್ರೂ ಸುದ್ದಿ ಓಡಿಸೋರ ಫೋನಿಗೆ ಬರುತ್ತೆ” ಅಂದಳು.

“ಇವಳಿಗೆ ಇದೆಲ್ಲ ತಲೆಗೆ ಹತ್ತೋದಿಲ್ಲ. ನಂದೊಂದು ಸಾಕು” ಅಂದ ದೊಡ್ಡಳಿಯ.

ಫಾರಂ ಅಂದರೆ ಫಾರಂ, ಎರಡನ್ನೂ ತೆರೆಯಲೇಬೇಕಿತ್ತು. ಹೆಂಡತಿ ಸಹಿ ಹಾಕಿ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಅವನು ಆ ಸಂಗತಿಯನ್ನು ಅಲ್ಲೇ ಮರೆತ.

ಈ ಬಿಡ್ ಎಂಬುದು ತಲೆಕೆಳಗಾದ ಹರಾಜು. ಲೋಡ್ ಬಂದಾಗ ಗಡಿಯಾರ ಓಡತೊಡಗುತ್ತದೆ. ಒಬ್ಬ ಸಾವಿರಕ್ಕೆ ಒಯ್ಯುತ್ತೇನೆ ಅಂದರೆ ಇನ್ನೊಬ್ಬ ಒಂಬೈನೂರು, ಮತ್ತೊಬ್ಬ ಎಂಟುನೂರು. ಗಡಿಯಾರ ನಿಂತಾಗ ಕೆಳಗಿದ್ದವನಿಗೆ ಲೋಡ್. ಬಿಡ್ ಹಾಕಿದವರ ಹೆಸರು ಕಾಣಿಸುವುದಿಲ್ಲ, ಎಷ್ಟು ದೂರದಲ್ಲಿದ್ದಾರೆ ಎಂಬುದಷ್ಟೇ ಕಾಣುತ್ತದೆ. ಮನೆ ಮುಂದೆ ಗಾಡಿಯಲ್ಲಿ ಕೂತು ಮೊದಲ ಬಿಡ್ ಹಾಕಿದ ದಿನವೇ ದೊಡ್ಡಳಿಯನ ಕಣ್ಣಿಗೆ ಬಿದ್ದದ್ದು ಒಂದು ಸಾಲು: ಅರ್ಧ ಕಿಲೋಮೀಟರಿನೊಳಗಿನ ಗಾಡಿ.

ಚಿಕ್ಕಳಿಯನ ಮನೆ ಮೂರು ಬೀದಿ ಆಚೆ. ಇನ್ಯಾರು ಇರುತ್ತಾರೆ ಹೇಳಿ?

ಆಮೇಲೆ ಅವನು ಲೋಡ್ ನೋಡುವುದನ್ನೇ ಬಿಟ್ಟ, ಆ ಸಾಲನ್ನಷ್ಟೇ ನೋಡಿದ. ದೂರದವರು ಎಷ್ಟು ಇಳಿಸಿದರೂ ಸುಮ್ಮನಿರುತ್ತಿದ್ದ. ಅರ್ಧ ಕಿಲೋಮೀಟರಿನವನು ಇಳಿಸಿದನೋ, ಇವನ ಮೈಯೆಲ್ಲ ಉರಿ. “ಬಾ ಮಗನೇ” ಎಂದು ಹಲ್ಲು ಕಚ್ಚಿ ಇನ್ನೂ ಐವತ್ತು ಇಳಿಸುವುದು. ಅವನೂ ಇಳಿಸುವುದು. ಕೊನೆಗೆ ಗೆಲ್ಲುತ್ತಿದ್ದವನು ಇವನೇ. ಗೆದ್ದದ್ದು ಡೀಸೆಲ್ಲಿಗೇ ಸರಿಹೋದರೂ, ಷಡ್ಡಕನ ಕೈಯಿಂದ ಕಿತ್ತುಕೊಂಡೆ ಎಂಬ ಖುಷಿಯಲ್ಲಿ ದಾರಿಯುದ್ದಕ್ಕೂ ಸಿಳ್ಳೆ. ಎಲ್ಲಿಗೆ, ಯಾವ ಲೋಡ್ ಎಂದು ಹೆಂಡತಿ ಕೇಳಿದರೆ, “ಲೋಡಿದೆ, ಬರ್ತೀನಿ” ಎಂದಷ್ಟೇ ಉತ್ತರ.

ಆ ಖುಷಿಗೆ ಬೆಲೆ ತೆರಬೇಕಾಯಿತು. ಒಂದು ಸಲ ಅತಿ ಕಡಿಮೆಗೆ ಹಿಡಿದ ಲೋಡಿನ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿ ಬರೀ ಖಾಲಿ ನಿವೇಶನ, ಲೋಡ್ ಹಾಕಿದವನ ಫೋನ್ ಬಂದ್. ಸುಳ್ಳು ಲೋಡ್. ಆ್ಯಪ್‌ನವರು ಅವನನ್ನು ಬಿಟ್ಟು ಇವನ ಖಾತೆಗೇ ಕೆಂಪು ಗುರುತು ಹಾಕಿದರು, ತಲುಪಿಸಲಿಲ್ಲ ಅಂತ. ಇನ್ನೊಂದು ಸಲ ಟ್ರೈಲರಿನ ಸವೆದ ಟೈರ್ ಹೆದ್ದಾರಿಯಲ್ಲೇ ಸಿಡಿದು ನಾಲ್ಕು ಗಂಟೆ ತಡವಾಯಿತು. ಎರಡನೇ ಗುರುತು. ಮೂರನೆಯದು ಬಿದ್ದರೆ ಖಾತೆ ಬಂದ್, ಗಾಡಿಗೆ ಆ್ಯಪ್‌ನಲ್ಲಿ ಇನ್ನೆಂದೂ ಜಾಗವಿಲ್ಲ. ಬಿಟ್ಟುಬಂದ ವ್ಯಾನಿಗೆ ಆಗಲೇ ಬೇರೆಯವನು ಬಂದಿದ್ದ. ಇದು ಹೋದರೆ ದೊಡ್ಡಳಿಯನಿಗೆ ಬೇರೆ ಗತಿಯಿರಲಿಲ್ಲ.

ನಡುವೆ ಒಂದೇ ಒಂದು ಸಮಾಧಾನ. ಮೂರು ಸಲ ಅವನು ಬಿಡ್ಡೇ ಹಾಕದೆ, ಒಳ್ಳೆಯ ರೇಟಿನ ಲೋಡ್ ತಾನಾಗಿ ಫೋನಿಗೆ ಬಂದಿತ್ತು: ನಿಮ್ಮ ಗಾಡಿಗೆ ಲೋಡ್ ನಿಗದಿಯಾಗಿದೆ. ಮೂರೂ ಸಲೀಸಾಗಿ ಮುಗಿದವು. ಭಾನುವಾರದ ಊಟದಲ್ಲಿ ಅವನು ಗಂಟಲು ಸರಿಮಾಡಿಕೊಂಡು, “ಕಂಪನಿಯವರು ಈಗ ನನ್ನನ್ನ ಗುರುತಿಸಿದ್ದಾರೆ ಅತ್ತೆ. ಬಿಡ್ ಇಲ್ದೇನೇ ಕೊಡ್ತಾರೆ. ಎಲ್ಲರಿಗೂ ಕೊಡಲ್ಲ ಹಾಗೆ” ಎಂದು ಚಿಕ್ಕಳಿಯನ ಕಡೆ ಓರೆಗಣ್ಣಲ್ಲಿ ನೋಡಿದ. ಚಿಕ್ಕಳಿಯ, “ಭೇಷ್ ಅಣ್ಣ!” ಅಂದ. ಆ ಭೇಷ್ ಕೂಡ ನಿಜವಾಗಿ ಮನಸ್ಸಿನಿಂದ ಬಂದಂತಿತ್ತು, ಅದನ್ನೂ ಇವನಿಗೆ ಸಹಿಸಲಾಗಲಿಲ್ಲ. ಹೆಂಡತಿ ತಟ್ಟೆಯಲ್ಲೇ ಮುಖ ಹುದುಗಿಸಿ ಉಣ್ಣುತ್ತಿದ್ದಳು.

ಒಂದು ಬುಧವಾರ ಬೆಳಿಗ್ಗೆ ಏಳಕ್ಕೆ ಲೋಡ್ ಬಂತು. ಆಸ್ಪತ್ರೆಯೊಂದಕ್ಕೆ ಬಟ್ಟೆ ಒಗೆಯುವ ದೊಡ್ಡ ಯಂತ್ರ, ಮೂರು ಗಂಟೆಯ ದಾರಿ, ಮಧ್ಯಾಹ್ನ ಒಂದರೊಳಗೆ ತಲುಪಬೇಕು. ದೊಡ್ಡಳಿಯ ತೂಕ ನೋಡಿದ, ಟ್ರೈಲರಿಗೆ ಸರಿಯಾಗಿತ್ತು. ಕೆಳಗಿನ ವಿವರ ಒತ್ತಿ ನೋಡೋಣ ಎನ್ನುವಷ್ಟರಲ್ಲಿ ಅರ್ಧ ಕಿಲೋಮೀಟರಿನವನು ಬಿಡ್ ಹಾಕಿದ. ವಿವರ ಹಾಳಾಗಿ ಹೋಗಲಿ! ಇವನು ಇಳಿಸಿದ. ಅವನು ಸ್ವಲ್ಪವೇ ಇಳಿಸಿ ನಿಂತ. ಇವನು ಒಂದೇ ಏಟಿಗೆ ಅರ್ಧದಷ್ಟು ಕತ್ತರಿಸಿ ಒಗೆದ. ಆ ಕಡೆ ಸದ್ದಿಲ್ಲ. ದೊಡ್ಡಳಿಯ ಸ್ಟೇರಿಂಗಿಗೆ ಗುದ್ದಿ, “ಹೇಗಿದೆ?” ಅಂದ.

ಗೋದಾಮಿಗೆ ಹೋಗಿ ನೋಡುತ್ತಾನೆ, ಮರದ ಚೌಕಟ್ಟಿನಲ್ಲಿ ಎರಡು ಯಂತ್ರಗಳು ಒಂದರ ಪಕ್ಕ ಒಂದು ಕೂತಿವೆ.

“ನಂದು ಯಾವುದು?” ಎಂದ.

ಕಿವಿಗೆ ಪೆನ್ನು ಸಿಕ್ಕಿಸಿಕೊಂಡಿದ್ದ ಗೋದಾಮಿನ ಮೇಲ್ವಿಚಾರಕಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಎರಡೂ ನಿಮ್ದೇ. ಎರಡು ಯಂತ್ರ ಅಂತ ವಿವರದಲ್ಲಿ ಬರೆದಿದ್ದೀವಲ್ಲ, ಓದಿಲ್ವಾ? ಮೇಲೆ ಹಾಕಿರೋದು ಒಂದರ ತೂಕ.”

“ಎರಡನ್ನೂ ಹೇಗೋ ಏರಿಸಿಬಿಡಿ ಮೇಡಂ.”

“ಆ ಟೈರಿನ ಮೇಲಾ? ಗೇಟ್ ದಾಟೋಕೆ ನಾನು ಬಿಡಲ್ಲ. ಆಗಲ್ಲ ಅಂದ್ರೆ ಈಗಲೇ ಹೇಳಿ, ಆ್ಯಪ್‌ನವರಿಗೆ ತಿಳಿಸ್ತೀನಿ.”

ಒಂದೊಂದಾಗಿ ಒಯ್ಯಲು ಹೊತ್ತಿಲ್ಲ. ಆಗಲ್ಲ ಅಂದರೆ ಮೂರನೇ ಗುರುತು. ಅರ್ಧಕ್ಕೆ ಹಿಡಿದ ರೇಟಿನಲ್ಲಿ ಬಾಡಿಗೆಗೆ ಬೇರೆ ಗಾಡಿ ಯಾರೂ ಬರುವುದಿಲ್ಲ. ದುಡ್ಡು ಕೇಳದೆ ಬರುವ ಟ್ರೈಲರ್ ಈ ಲೋಕದಲ್ಲಿ ಒಂದೇ ಒಂದಿತ್ತು, ಅದು ಯಾರದೆಂದು ಹೇಳಬೇಕಾಗಿಲ್ಲ. ದೊಡ್ಡಳಿಯ ಫೋನು ತೆಗೆದ, ಒಳಗಿಟ್ಟ, ತೆಗೆದ, ಒಳಗಿಟ್ಟ. ಯಾರ ಲೋಡ್ ಕಿತ್ತುಕೊಂಡೆನೋ ಅವನಿಗೇ ಫೋನು ಮಾಡಿ ಬಾ ಎನ್ನಬೇಕೇ? ಇದಕ್ಕಿಂತ ಟೈರ್ ಸಿಡಿದು ಗುಂಡಿಗೆ ಬಿದ್ದಿದ್ದರೇ ಮರ್ಯಾದೆ ಇತ್ತು ಅನ್ನಿಸಿತು. ಆದರೆ ಮೂರನೇ ಗುರುತಿನ ಹೆದರಿಕೆ ಮರ್ಯಾದೆಗಿಂತ ದೊಡ್ಡದಾಗಿತ್ತು. ಮೂರನೇ ಸಲ ತೆಗೆದು ಒತ್ತಿಯೇ ಬಿಟ್ಟ.

“ಎಲ್ಲಿದ್ದೀರಣ್ಣ? ಅಲ್ಲೇ ಇರಿ, ಬಂದೆ” ಅಂದ ಚಿಕ್ಕಳಿಯ. ಒಂದು ಮಾತು ಹೆಚ್ಚು ಕೇಳಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಬಂದ. ಅವನ ಪಟ್ಟಿಗಳು ಒಂದೊಂದೂ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಕೂತಿದ್ದವು. ದೊಡ್ಡಳಿಯನವು ಸೀಟಿನ ಕೆಳಗೆ ಗಂಟುಗಂಟಾಗಿ ಬಿದ್ದಿದ್ದವು. ಚಿಕ್ಕಳಿಯ ತನ್ನ ಯಂತ್ರವನ್ನು ಬಿಗಿದು, ಇವನದರ ಹತ್ತಿರ ಬಂದು, “ಒಂದು ಪಟ್ಟಿ ಸಡಿಲ ಇದೆಯಣ್ಣ” ಎಂದು ತಾನೇ ಜಗ್ಗಿ ಸರಿಮಾಡಿದ. ಕಾಪಾಡಲು ಬಂದವನನ್ನು ಕಂಡೂ ದೊಡ್ಡಳಿಯನಿಗೆ ಹೊಟ್ಟೆ ಉರಿಯಿತು. ಪಟ್ಟಿ ಸುತ್ತುವುದರಲ್ಲೂ ಇವನೇ ಮುಂದಾಗಬೇಕೇ! ಉರಿಗೂ ಒಂದು ಮಿತಿ ಬೇಡವೇ, ನೀವೇ ಹೇಳಿ.

ಒಂದಕ್ಕೆ ಹತ್ತು ನಿಮಿಷ ಇರುವಾಗ ಎರಡೂ ಯಂತ್ರಗಳು ಆಸ್ಪತ್ರೆಯ ಹಿಂಬಾಗಿಲಲ್ಲಿ ಇಳಿದವು. ರಸೀತಿಗೆ ಸಹಿ ಬಿತ್ತು, ಖಾತೆ ಉಳಿಯಿತು. ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ದೊಡ್ಡಳಿಯ ನೆಲ ನೋಡಿಕೊಂಡೇ ಹೇಳಿದ, “ಬೆಳಿಗ್ಗೆ ನಿಮ್ಮ ಬಿಡ್ ಹೊಡೆದವನು ನಾನೇ. ಇವತ್ತಷ್ಟೇ ಅಲ್ಲ, ಇಷ್ಟು ದಿನಾನೂ ನಾನೇ.”

“ಯಾವ ಬಿಡ್ ಅಣ್ಣ?”

“ಅದೇ, ಅರ್ಧ ಕಿಲೋಮೀಟರಿಂದು.”

ಚಿಕ್ಕಳಿಯ ನಕ್ಕುಬಿಟ್ಟ. “ನಾನು ಬಿಡ್ ಹಾಕೋದು ಬಿಟ್ಟು ವರ್ಷವೇ ಆಯ್ತಲ್ಲ! ಅದರಲ್ಲಿ ಇಳಿಸಿ ಇಳಿಸಿ ಸಾಯೋದೇ. ಒಳ್ಳೆ ಗಿರಾಕಿ ಸಿಕ್ಕಾಗೆಲ್ಲ ನನ್ನ ನಂಬರ್ ಕೊಟ್ಟು ಬರ್ತಿದ್ದೆ. ಈಗ ಅವರೇ ಫೋನ್ ಮಾಡ್ತಾರೆ. ನಿಮಗೆ ಹೇಳೋಣ ಅಂತಿದ್ದೆ, ನೀವು ಮಾತಿಗೆ ಸಿಗೋದೇ ಇಲ್ಲ.”

“ಮತ್ತೆ ಆ ಗಾಡಿ ಯಾರದು?”

“ಯಾರಿಗೆ ಗೊತ್ತು” ಎಂದು ಚಿಕ್ಕಳಿಯ ಲೋಟ ಕೆಳಗಿಟ್ಟ.

ಮೂರು ಗಂಟೆಯ ದಾರಿಯುದ್ದಕ್ಕೂ ದೊಡ್ಡಳಿಯನಿಗೆ ಅದೇ ಯೋಚನೆ. ಇಷ್ಟು ತಿಂಗಳು ಯಾರ ಮೇಲೆ ಹಲ್ಲು ಮಸೆದೆ? ಷಡ್ಡಕನ ಮೇಲಿನ ಕೋಪವನ್ನು ಈಗ ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

ಸಂಜೆ ಐದಕ್ಕೆ ಮನೆಗೆ ಬಂದರೆ ಹಿಂದಿನ ಕೋಣೆಯಲ್ಲಿ ಹೊಲಿಗೆಯಂತ್ರದ ಅಬ್ಬರ. ಹೆಂಡತಿ ಸಿಟ್ಟಿನಲ್ಲಿ ತುಳಿದ ರಭಸಕ್ಕೆ ದಾರ ಕಿತ್ತುಹೋಗಿತ್ತು.

“ಏನಾಯ್ತೇ?”

“ಇನ್ನೇನಾಗ್ಬೇಕು! ನನ್ನ ತಂಗಿ ಇದ್ದಾಳಲ್ಲ, ಇವತ್ತೂ ಅವಳೇ ಹೊಡ್ಕೊಂಡ್ಲು. ಪಕ್ಕದಲ್ಲೇ ಇದ್ಕೊಂಡು ನಾನು ಹಾಕಿದ್ದಕ್ಕೆಲ್ಲ ಅಡ್ಡ ಬರ್ತಾಳೆ. ಬಟ್ಟೆ ಒಗೆಯೋ ಎರಡು ಯಂತ್ರ. ಎರಡು ಗಾಡಿ ಬೇಕು ಅಂತ ವಿವರ ಓದಿ, ಇನ್ನೊಂದು ಗಾಡಿ ಬಾಡಿಗೇನೂ ಸೇರಿಸಿ ರೇಟ್ ಹಾಕಿದ್ದೆ. ಅರ್ಧಕ್ಕೆ ಇಳಿಸಿಬಿಟ್ಲು ನೋಡಿ! ತಲೆ ಸರಿ ಇರೋರು ಯಾರಾದ್ರೂ ಹಾಕೋ ರೇಟಾ ಅದು?”

ಯಂತ್ರದ ಹಲಗೆಯ ಮೇಲೆ, ಸೀಮೆಸುಣ್ಣದ ಚೂರಿನ ಪಕ್ಕದಲ್ಲಿ ಅವಳ ಫೋನಿತ್ತು. ಪರದೆಯ ಮೇಲೆ ಅದೇ ಆ್ಯಪ್, ಅದೇ ಲೋಡ್. ಬಿಡ್‌ಗಳ ಸಾಲಿನ ಕೊನೆಗೆ, ಅವಳ ರೇಟಿನ ಕೆಳಗೆ ಬರೆದಿತ್ತು: ಅರ್ಧ ಕಿಲೋಮೀಟರಿನೊಳಗಿನ ಗಾಡಿ.

ದೊಡ್ಡಳಿಯ ಬಟ್ಟೆಯ ರಾಶಿಯ ಮೇಲೆಯೇ ಕೂತ. “ಅದು ನಿನ್ನ ತಂಗಿ ಅಲ್ಲ ಕಣೇ. ನಾನು.”

ಅವಳು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. “ಇಷ್ಟು ದಿನಾನೂ?”

“ಇಷ್ಟು ದಿನಾನೂ. ನೀನು ಯಾಕೆ ಹೇಳಲಿಲ್ಲ?”

“ಇವಳ ತಲೆಗೆ ಹತ್ತೋದಿಲ್ಲ ಅಂದಿದ್ರಲ್ಲ, ಆ ಹುಡುಗಿ ಮುಂದೆ. ಹತ್ತಿಸಿ ತೋರಿಸೋಣ ಅಂತ.”

ಆಗ ಅವನಿಗೆ ಇನ್ನೊಂದು ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು. ಕೇಳಿದ, “ಹಾಗಾದ್ರೆ ಕಂಪನಿಯವರು ನನ್ನನ್ನ ಗುರುತಿಸಿ ಕೊಟ್ಟ ಆ ಮೂರು ಲೋಡು?”

“ನೀವು ಹೊರಗೆ ಹೋಗಿದ್ದಾಗ ಹಿಡಿದದ್ದು. ಅಡ್ಡ ಬರೋರು ಇರಲಿಲ್ಲ, ಒಳ್ಳೆ ರೇಟ್ ಸಿಕ್ತು.”

ಚಿಕ್ಕಳಿಯನ ಗೇಟು, ಚಿಕ್ಕಳಿಯನ ಪಟ್ಟಿ, ಅತ್ತೆಯ ಬಡಿಸುವ ಸೌಟು ಎಲ್ಲದರ ಮೇಲೂ ಆದ ಉರಿಗಿಂತ ಹೆಚ್ಚಿನ ಉರಿ ಈಗ ಆಯಿತು, ಅದೂ ಸ್ವಂತ ಹೆಂಡತಿಯ ಮೇಲೆ. ದುಡಿದ ಲೋಡುಗಳಲ್ಲಿ ಹೆಮ್ಮೆಪಟ್ಟುಕೊಳ್ಳುವಂಥವು ಆ ಮೂರೇ, ಅವೂ ಅವನವಲ್ಲ. ಅವನು ಜೇಬಿನಿಂದ ತನ್ನ ಫೋನು ತೆಗೆದು, ಆ್ಯಪ್ ತೆರೆದು, ಬಿಡ್ ಹಾಕುವ ಗುಂಡಿಯನ್ನು ಅವಳ ಎದುರೇ ಬಂದ್ ಮಾಡಿದ.

“ಇನ್ಮೇಲೆ ನೀನೇ ಹಾಕು. ನಾನು ಓಡಿಸ್ತೀನಿ.”

“ಮೊದಲು ಟ್ರೈಲರಿಗೆ ಟೈರ್” ಅಂದಳು.

“ಆಯ್ತು.” ದನಿ ತಗ್ಗಿಸಿ ಕೇಳಿದ, “ಭಾನುವಾರ ನಿಮ್ಮಮ್ಮನಿಗೆ ಇದನ್ನೆಲ್ಲ ಹೇಳ್ತೀಯಾ?”

ಹೆಂಡತಿ ಸೂಜಿಗೆ ಹೊಸ ದಾರ ಪೋಣಿಸಿ, ತುದಿಯನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು.

“ಹೇಳದೆ ಬಿಡ್ತೀನಾ?” ಅಂದಳು.