ಬಾಡಿದ ಸೈಪ್ರಸ್ ಸಸಿಗಳ ಜೊತೆ ಕಳಸಕ್ಕೆ

ವಸ್ತಾರೆಯಿಂದ ಬೆಳಿಗ್ಗೆ ಹೊರಟಾಗ ನನ್ನ ತೊಡೆಯ ಮೇಲೆ ಎರಡು ಸೈಪ್ರಸ್ ಸಸಿಗಳಿದ್ದವು. ಚಿಕ್ಕಮ್ಮನ ನರ್ಸರಿಯಲ್ಲಿ ಇಂಥವು ಮುನ್ನೂರು. ಹೋಂಸ್ಟೇಯವರೊಬ್ಬರು ಬೇಲಿಗೆಂದು ಹೇಳಿಟ್ಟಿದ್ದರು. ಮಣ್ಣು ಒದ್ದೆಯಿದ್ದರೂ ಎಲ್ಲವೂ ತಲೆ ಬಗ್ಗಿಸಿ ಬಾಡುತ್ತಿದ್ದವು. "ಕಳಸದ ಗಿರಿಜಕ್ಕಂಗೆ ತೋರಿಸ್ಕೊಂಡು ಬಾ. ರೋಗ ಅಂದ್ರೆ ಇವತ್ತೇ ಎಲ್ಲಾ ಕಿತ್ತು ಸುಟ್ಟುಬಿಡ್ತೀನಿ" ಎಂದಿದ್ದರು ಚಿಕ್ಕಮ್ಮ. ಗಿರಿಜಕ್ಕ ಜೀವಮಾನವಿಡೀ ಸಸಿ ಬೆಳೆಸಿದವರು.

ಚಿಕ್ಕಮ್ಮನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಮಣ್ಣಿನಲ್ಲಿ ಬೋರಾನ್ ಎಂಬ ಪೋಷಕಾಂಶ ಕಮ್ಮಿಯಾದರೆ ಸಸಿ ಹೀಗಾಗುತ್ತದೆಂದು ಮೊಬೈಲಿನಲ್ಲಿ ಓದಿ, ಕಾಫಿ ಗಿಡಗಳಿಗೆಂದು ತಂದಿಟ್ಟಿದ್ದ, ಬೋರಾನ್ ಇರುವ ಬೋರಾಕ್ಸ್ ಪುಡಿಯನ್ನು ಅರ್ಧದಷ್ಟು ಸಸಿಗಳಿಗೆ ನಾನು ಹಾಕಿದ್ದೆ. ಮರುದಿನ ಗುಣ ಕಾಣಲಿಲ್ಲವೆಂದು ಇನ್ನೊಮ್ಮೆ. ಅದರ ಮರುದಿನ ಮತ್ತೊಮ್ಮೆ. ನನಗೆ ಅನ್ನ ಬೇಯುವವರೆಗೂ ಕಾಯಲಾಗುವುದಿಲ್ಲ, ಇನ್ನು ಮರ ಬೆಳೆಯುವವರೆಗೆ ಎಲ್ಲಿ?

ಬಸ್ಸು ಮೂಡಿಗೆರೆ ತಲುಪುವಷ್ಟರಲ್ಲಿ ಸಸಿಗಳಿಗೆ ನಾಲ್ಕು ಸಲ ನೀರು ಕುಡಿಸಿದೆ. ಪಕ್ಕದ ಹೆಂಗಸಿನ ಸೀರೆಗೂ ಒಂದು ಸಲ. "ಸುಮ್ನೆ ಕೂತ್ಕೊ ಮಾರಾಯ! ನೀನು ಎದ್ದೆದ್ದು ನೋಡಿದ್ರೆ ಬಸ್ಸು ಬೇಗ ಹೋಗ್ತದಾ?" ಎಂದರು ಆಕೆ, ಸೆರಗು ಹಿಂಡುತ್ತ.

ಕೊಟ್ಟಿಗೆಹಾರದಲ್ಲಿ ಮಂಜೋ ಮಂಜು. ಬಸ್ಸು ತಿಂಡಿಗೆ ನಿಂತ ಹೋಟೆಲಿನಲ್ಲಿ ನೀರುದೋಸೆ ಬಿಸಿಯಾಗಿತ್ತು. ಬಸ್ಸು ಹೊರಟೇಬಿಟ್ಟಿತೆಂದು ದೋಸೆ ಬಿಟ್ಟು ಎರಡು ಸಲ ಓಡಿದೆ. ಎರಡೂ ಸಲ ಡ್ರೈವರು ನನ್ನ ಎದುರಿನ ಟೇಬಲ್ಲಿನಲ್ಲೇ ಚಟ್ನಿ ಕೇಳುತ್ತಿದ್ದರು.

ಅಲ್ಲಿಂದ ಮುಂದೆ ಬರೀ ತಿರುವು. ಕಳಸದಲ್ಲಿಳಿದು ಏರು ಹತ್ತಿ ಗಿರಿಜಕ್ಕನ ಅಂಗಳ ಸೇರಿದಾಗ ಮಧ್ಯಾಹ್ನ. ಅವರು ಸಸಿಗಳ ಎರಡೂ ಪ್ಲಾಸ್ಟಿಕ್ ಪ್ಯಾಕೆಟ್ ಸೀಳಿ, ಬೇರುಗಳನ್ನು ಬಕೆಟ್ಟಿನಲ್ಲಿ ತೊಳೆದರು.

"ನೋಡು, ಇದರ ಬೇರಿನ ತುದಿ ಬೆಳೆದೇ ಇಲ್ಲ. ಬೋರಾನ್ ಸಾಲ್ದು. ಎಳೆ ಬೇರೇ ಇಲ್ಲದ ಮೇಲೆ ನೀನು ಕೊಡ ಸುರಿದ್ರೂ ಎಲ್ಲಿಂದ ಕುಡೀಬೇಕು ಇದು?" ಎಂದರು. ಎರಡನೆಯದನ್ನು ಎತ್ತಿದರು. ಎಲೆಯ ತುದಿಗಳೆಲ್ಲ ಕಂದು, ಬೇರು ಕಪ್ಪು. "ಇದು ಮಾತ್ರ ಮದ್ದು ಹೆಚ್ಚಾಗಿ ಸುಟ್ಟಿದೆ. ಏನು ಹಾಕ್ದೆ?"

"ಏನಿಲ್ಲ ಅಕ್ಕ. ರೋಗ ಇರ್ಬೇಕು."

ಅಷ್ಟರಲ್ಲಿ ಫೋನು ಬಂತು. "ರೋಗನೇನೋ? ಬೆಂಕಿ ಹಾಕಿಸ್ಲಾ?" ಚಿಕ್ಕಮ್ಮ.

ಹ್ಞೂಂ ಅಂದರೆ ಮುಗಿಯಿತು. ಮುನ್ನೂರೂ ಬೂದಿ, ಅದರ ಜೊತೆ ನನ್ನ ಗುಟ್ಟೂ ಬೂದಿ. ಗಿರಿಜಕ್ಕ ಬಕೆಟ್ಟಿನ ಮುಂದೆ ಕೂತು, ಒದ್ದೆ ಬೇರನ್ನು ಬೆರಳಲ್ಲಿ ಬಿಡಿಸುತ್ತಲೇ ಇದ್ದರು.

"ಬೇಡ ಚಿಕ್ಕಮ್ಮ. ನಾನೇ ಬೋರಾಕ್ಸ್ ಹಾಕಿದ್ದು."

"ಎಷ್ಟು ಸಲ?"

"ಮೂರು."

"ಫೋನ್ ಅಕ್ಕನ ಕೈಗೆ ಕೊಡು."

ಗಿರಿಜಕ್ಕ ನಗುತ್ತಲೇ ಮಾತಾಡಿದರು. "ಸುಡಬೇಡ ಕಣೇ. ಅವ್ನು ಪುಡಿ ಹಾಕಿದ ಸಸಿಗಳಿಗೆ ಒಂದ್ಸಲ ಚೆನ್ನಾಗಿ ನೀರು ಹಾಯ್ಸಿ, ತಳದಲ್ಲಿ ಬಸಿದು ಹೋಗೋಕೆ ಬಿಡು. ಅದ್ರಲ್ಲಿ ಕೆಲವು ಉಳೀಲಿಕ್ಕಿಲ್ಲ. ಉಳಿದರ್ಧಕ್ಕೆ ಕ್ಯಾನ್ ನೀರಿಗೆ ಒಂದು ಚಿಟಿಕೆ ಬೋರಾಕ್ಸ್, ಒಂದೇ ಸಲ. ಆಮೇಲೆ ಬಿಳಿ ಬೇರು ಬರೋವರೆಗೆ ಕಾಯ್ಬೇಕು. ಬೇಲಿಯವ್ರಿಗೂ ಹೇಳು, ತಡ ಆಗ್ತದೆ ಅಂತ. ಈ ಹುಡುಗನ್ನ ಮಾತ್ರ ಸಸಿ ಮಡಿ ಹತ್ರ ಬಿಡ್ಬೇಡ."

ಬೋರಾಕ್ಸ್ ಕಾಣದ ಸಸಿಯನ್ನು ಹೊಸ ಮಣ್ಣಿಗೆ ನೆಟ್ಟು, ಚಿಟಿಕೆ ಮದ್ದಿನ ನೀರು ಹಾಕಿ ಕೊಟ್ಟರು. ಸಂಜೆಯ ಬಸ್ಸಿನಲ್ಲಿ ಅದನ್ನು ಹಿಡಿದು ಕೂತೆ. ಊರು ದಾಟುವ ಮೊದಲೇ ನನ್ನ ಬೆರಳು ಮಣ್ಣಿನೊಳಗಿತ್ತು. ಬಿಳಿ ಬೇರು ಬಂದಿರಬಹುದೇ?

ಎದ್ದು ಹೋಗಿ ಸಸಿಯನ್ನು ಕಂಡಕ್ಟರಿಗೆ ಕೊಟ್ಟೆ. "ಸಾರ್, ಮೂಡಿಗೆರೆ ಬರೋವರೆಗೆ ಇಟ್ಕೊಳ್ಳಿ. ನಾನು ಕೇಳಿದ್ರೂ ಕೊಡ್ಬೇಡಿ."

ದಾರಿಯಲ್ಲಿ ಮೂರು ಸಲ ಕೇಳಿದೆ. ಪುಣ್ಯಾತ್ಮ ಕೊಡಲಿಲ್ಲ.